ಮಗುವಿಗೆ ಬಿಟ್ಟ ಜಾಗ

ಬ್ಯಾಂಕಾಕ್‌ನ ಸ್ಕೈಟ್ರೇನಿಗೆ ಮಗುವೊಂದು ಹತ್ತಿದರೆ ಕೂತಿದ್ದ ದೊಡ್ಡವರು ಎದ್ದು ಜಾಗ ಬಿಡುತ್ತಾರೆ. ಮಗುವನ್ನು ಎತ್ತಿಕೊಂಡು ಬಂದವರಿಗಷ್ಟೇ ಅಲ್ಲ, ತನ್ನ ಕಾಲ ಮೇಲೆ ತಾನು ನಿಲ್ಲಬಲ್ಲ ಮಗುವಿಗೂ ಅದರದೇ ಒಂದು ಸೀಟು. ಬಾಗಿಲ ಪಕ್ಕದ ಕಾದಿರಿಸಿದ ಸೀಟುಗಳ ಮೇಲೆ ಅಂಟಿಸಿದ ಚಿತ್ರದಲ್ಲಿ ಬೌದ್ಧ ಭಿಕ್ಷು, ಬಸುರಿ, ಮುದುಕರ ಜೊತೆಗೆ ಮಗುವೂ ಇದೆ. ಚಿತ್ರ ಇಲ್ಲದ ಸೀಟಿನಿಂದಲೂ ಜನ ಏಳುತ್ತಾರೆ. ಏಳುವಾಗ ಮುಖದಲ್ಲಿ ಉಪಕಾರ ಮಾಡಿದ ಭಾವವಿಲ್ಲ. ಎದ್ದು, ಎರಡು ಹೆಜ್ಜೆ ಆಚೆ ಹೋಗಿ, ಮೇಲಿನ ಹಿಡಿಕೆ ಹಿಡಿದು, ಮತ್ತೆ ಫೋನಿನಲ್ಲಿ ಮುಳುಗುತ್ತಾರೆ. ಧನ್ಯವಾದ ಹೇಳೋಣವೆಂದರೆ ಅವರು ಆಗಲೇ ತಿರುಗಿ ನಿಂತಿರುತ್ತಾರೆ.

ನಮ್ಮ ಮಲೆನಾಡಿನ ಬಸ್ಸುಗಳಲ್ಲೂ ಮಗುವಿಗೆ ಜಾಗ ಸಿಗುತ್ತದೆ. ಕೂತವರು "ಕೊಡಿ ಇಲ್ಲಿ" ಎಂದು ಕೈ ಚಾಚಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾರೆ. ತಾಯಿ ಕಂಬಿ ಹಿಡಿದು ನಿಂತಿರುತ್ತಾಳೆ, ಮಗು ಗುರುತಿಲ್ಲದವರ ಮಡಿಲಲ್ಲಿ ನಿದ್ದೆ ಹೋಗುತ್ತದೆ. ಅದು ದೊಡ್ಡ ಪ್ರೀತಿ, ಅದರಲ್ಲಿ ಅನುಮಾನವಿಲ್ಲ. ನನ್ನ ಮಕ್ಕಳಿಬ್ಬರೂ ಸಾಗರ–ಶಿವಮೊಗ್ಗ ದಾರಿಯಲ್ಲಿ ಅಂಥ ಮಡಿಲುಗಳಲ್ಲೇ ಬೆಳೆದವರು. ಆದರೂ ಒಂದು ವ್ಯತ್ಯಾಸ ಉಂಟು. ತೊಡೆ ಕೊಟ್ಟವರು ತಮ್ಮ ಜಾಗ ಇಟ್ಟುಕೊಂಡೇ ಕೊಡುತ್ತಾರೆ. ಎದ್ದು ನಿಂತವರು ತಮ್ಮದನ್ನು ಬಿಟ್ಟು ಕೊಡುತ್ತಾರೆ. ಮಗುವನ್ನು ಮುದ್ದಿಸುವುದಕ್ಕೂ, ಮಗುವಿಗೂ ಒಂದು ಪಾಲಿದೆ ಎಂದು ಒಪ್ಪುವುದಕ್ಕೂ ನಡುವೆ ಅಂತರವಿದೆ ಎಂದು ನನಗೆ ತಿಳಿದದ್ದು ಆ ರೈಲಿನಲ್ಲಿ.

ನನ್ನ ಮಗಳು, ಅಳಿಯ ಕೆಲಸದ ಮೇಲೆ ಬ್ಯಾಂಕಾಕ್‌ನಲ್ಲಿದ್ದಾರೆ. ಮನೆ ಸುಖುಮ್ವಿಟ್ ರಸ್ತೆಯ ಆನ್ ನುಟ್ ಕಡೆ. ಬೆಳಿಗ್ಗೆ ಇಬ್ಬರೂ ಆಫೀಸಿಗೆ ಹೊರಟರೆ, ಶಾಲೆಗೆ ರಜೆ ಇರುವ ತಿಂಗಳಲ್ಲಿ ನಾಲ್ಕು ವರ್ಷದ ಮೊಮ್ಮಗನೂ ನಾನೂ ಊರು ಸುತ್ತುತ್ತೇವೆ. 1999ರ ಡಿಸೆಂಬರಿನಲ್ಲಿ ಓಡಲು ಶುರುವಾದ ಈ ರೈಲು ನಮ್ಮ ಮುಖ್ಯ ವಾಹನ. 90 ಸೆಂಟಿಮೀಟರಿಗಿಂತ ಗಿಡ್ಡ ಮಕ್ಕಳಿಗೆ ಟಿಕೆಟ್ ಇಲ್ಲ. ನಮ್ಮ ಪುಟ್ಟ ಆ ಎತ್ತರ ದಾಟಿದವನಾದ್ದರಿಂದ ತನ್ನ ಟಿಕೆಟನ್ನು ತಾನೇ ಗೇಟಿಗೆ ಮುಟ್ಟಿಸಿ ಒಳಗೆ ನುಗ್ಗುವುದು ಅವನ ಹೆಮ್ಮೆ.

ಒಂದು ಸಂಜೆ ಸಯಾಮ್ ನಿಲ್ದಾಣದಲ್ಲಿ ಹತ್ತಿದೆವು. ಕಾಲಿಡಲು ಜಾಗವಿಲ್ಲದಷ್ಟು ಜನ. ಅಂಗಡಿಯೊಂದರ ಸಮವಸ್ತ್ರ ತೊಟ್ಟ ಹುಡುಗಿ ಹಿಮ್ಮಡಿ ಎತ್ತರದ ಚಪ್ಪಲಿಯಿಂದ ಪಾದಗಳನ್ನು ಅರ್ಧ ಹೊರಗೆ ತೆಗೆದು, ಕಣ್ಣು ಮುಚ್ಚಿ ಕೂತಿದ್ದಳು. ಇಡೀ ದಿನ ನಿಂತು ದುಡಿದವಳೆಂದು ಆ ಪಾದಗಳ ಕೆಂಪು ಗೆರೆಗಳೇ ಹೇಳುತ್ತಿದ್ದವು. ಕಣ್ಣು ತೆರೆದಳು, ಪುಟ್ಟನನ್ನು ನೋಡಿದಳು, ಚಪ್ಪಲಿಗೆ ಕಾಲು ತುರುಕಿ ಎದ್ದಳು. ನಾನು ಬೇಡ ಬೇಡ ಎಂದು ಕೈ ಆಡಿಸಿದೆ. ಇಡೀ ದಿನ ಆಡಿ ದಣಿದಿದ್ದರೂ ಇವನು ನಿಲ್ಲಬಲ್ಲ, ಅವಳಿಗೆ ಆ ಸೀಟು ಹೆಚ್ಚು ಬೇಕಿತ್ತು. ಅವಳು ನನ್ನ ಮಾತಿಗೆ ಕಾಯದೆ ಅವನ ಎರಡೂ ತೋಳು ಹಿಡಿದು ಎತ್ತಿ ಕೂರಿಸಿ, ಅವನ ಅಕ್ಕಪಕ್ಕದವರು ಸ್ವಲ್ಪ ಸರಿಯುವಂತೆ ಕಣ್ಣಲ್ಲೇ ಹೇಳಿ, ಬಾಗಿಲಿಗೆ ಒರಗಿ ನಿಂತಳು. ಮುಂದಿನ ನಿಲ್ದಾಣದಲ್ಲಿ ಕೂಸನ್ನು ಎದೆಗೆ ಕಟ್ಟಿಕೊಂಡ ತಾಯಿಯೊಬ್ಬಳು ಹತ್ತಿದಳು. "ಪುಟ್ಟ, ಏಳು, ಅಜ್ಜಿ ಹತ್ತಿರ ಬಾ" ಎಂದೆ. ಅವನು ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು "ಇದು ನಂದು" ಎಂದ. ಪಕ್ಕದ ಮುದುಕರೊಬ್ಬರು ನಗುತ್ತ ಎದ್ದರು.

ಪಡೆಯುವುದನ್ನು ಅವನು ಒಂದೇ ದಿನದಲ್ಲಿ ಕಲಿತ. ಬಿಡುವುದನ್ನು ಕಲಿಯಲು ಎಷ್ಟು ವರ್ಷ ಬೇಕೋ. ಅದಕ್ಕಾಗಿ ನಾನು ಅವನನ್ನು ಗದರಲಿಲ್ಲ. ತನ್ನದು ಎಂಬುದೊಂದು ಇದೆ ಎಂದು ಗಟ್ಟಿಯಾಗಿ ತಿಳಿದ ಮೇಲೆಯೇ ಅಲ್ಲವೇ ಅದನ್ನು ಬಿಡುವುದಕ್ಕೆ ಬೆಲೆ ಬರುವುದು?

ಇಷ್ಟು ಹೇಳಿ ಬ್ಯಾಂಕಾಕ್ ಮಕ್ಕಳ ಸ್ವರ್ಗ ಎಂದು ಯಾರಾದರೂ ಭಾವಿಸಿದರೆ ತಪ್ಪು. ಜನ ಮೆತ್ತಗಿದ್ದಾರೆ, ಊರು ಗಡುಸು. ಸುಖುಮ್ವಿಟ್‌ನ ಫುಟ್‌ಪಾತಿನಲ್ಲಿ ಒಂದು ಕಲ್ಲು ಎದ್ದಿದ್ದರೆ ಇನ್ನೊಂದು ಕುಸಿದಿರುತ್ತದೆ. ಮಳೆ ಬಂದ ಮರುದಿನ ಸಡಿಲ ಕಲ್ಲಿನ ಮೇಲೆ ಕಾಲಿಟ್ಟರೆ ಅಡಿಯ ಕೊಚ್ಚೆ ಮೊಣಕಾಲಿನವರೆಗೆ ಚಿಮ್ಮುತ್ತದೆ. ಮಾಂಸ ಸುಡುವ ಗಾಡಿಗಳ ಕೆಂಡ ಸರಿಯಾಗಿ ಮಗುವಿನ ಮುಖದ ಎತ್ತರಕ್ಕಿರುತ್ತದೆ. ನಾನು ಹೊಗೆ ಎಂದು ದಾಟಿ ಹೋಗುವುದು ಅವನಿಗೆ ಬೆಂಕಿಯ ಝಳ. ರಸ್ತೆಯ ಟ್ರಾಫಿಕ್ ನಿಂತರೆ ಬೈಕುಗಳು ಫುಟ್‌ಪಾತಿಗೇ ಹತ್ತುತ್ತವೆ. ರಸ್ತೆ ದಾಟಬೇಕೆಂದರೆ ಮೆಟ್ಟಿಲು ಹತ್ತಿ ಮೇಲ್ಸೇತುವೆಯಿಂದ ಇಳಿಯಬೇಕು, ಮಧ್ಯಾಹ್ನದ ಬಿಸಿಲಿನಲ್ಲಿ ನನ್ನ ಮಂಡಿಗೂ ಅವನ ಪುಟ್ಟ ಕಾಲಿಗೂ ಅದು ಬೆಟ್ಟ. ಗಾಳಿಯ ಮಾತು ಬೇರೆ. ಪ್ರತಿ ಚಳಿಗಾಲದಲ್ಲಿ ವಾಹನಗಳ ಹೊಗೆ, ಸುತ್ತಲಿನ ಗದ್ದೆಗಳಲ್ಲಿ ಕೂಳೆ ಸುಡುವ ಹೊಗೆ ಊರ ಮೇಲೆ ಕೂರುತ್ತದೆ. 2025ರ ಜನವರಿಯಲ್ಲಿ ಅದು ಎಷ್ಟು ದಟ್ಟವಾಯಿತೆಂದರೆ ನೂರಾರು ಶಾಲೆಗಳನ್ನು ಮುಚ್ಚಬೇಕಾಯಿತು.

ಓಣಿಯ ಬಾಯಲ್ಲಿ ಕಿತ್ತಳೆ ಜಾಕೆಟ್ ತೊಟ್ಟ ಬೈಕ್ ಟ್ಯಾಕ್ಸಿಯವರು ಸಾಲಾಗಿ ಕೂತಿರುತ್ತಾರೆ. ನಮ್ಮಿಬ್ಬರನ್ನು ಕಂಡರೆ ಅವರಲ್ಲೊಬ್ಬ ಎದ್ದು ಬಂದು, ಕೈ ಅಡ್ಡ ಹಿಡಿದು ಕಾರುಗಳನ್ನು ನಿಲ್ಲಿಸಿ ದಾಟಿಸುತ್ತಾನೆ. ಮೊದಮೊದಲು ಇದನ್ನು ಕಂಡು ಮನಸ್ಸು ತುಂಬುತ್ತಿತ್ತು, ಈಗಲೂ ತುಂಬುತ್ತದೆ. ಜೊತೆಗೆ ಒಂದು ಪ್ರಶ್ನೆಯೂ ಏಳುತ್ತದೆ. ಆತ ಸವಾರಿಗೆ ಹೋಗಿದ್ದ ಹೊತ್ತಿನಲ್ಲಿ ಬರುವ ಮಗುವಿನ ಗತಿ ಏನು? ಒಬ್ಬ ಒಳ್ಳೆಯವನು ಎದ್ದು ಬರಲೇಬೇಕಾದಂಥ ರಸ್ತೆಯನ್ನು ಕಟ್ಟಿ, ಅವನ ಒಳ್ಳೆಯತನವನ್ನು ಹೊಗಳಿ ಸುಮ್ಮನಾಗುವುದು ಸರಿಯೇ? ಬಡ ಊರುಗಳಲ್ಲೆಲ್ಲ ಜನರ ದಯೆ ಸರ್ಕಾರದ ಕೆಲಸವನ್ನು ಮಾಡುತ್ತಿರುತ್ತದೆ. ಆ ದಯೆಯನ್ನು ಕೊಂಡಾಡುವ ನಾವು ಕೆಲಸ ಬಾಕಿ ಇರುವುದನ್ನು ಮರೆಯುತ್ತೇವೆ. 2022ರಲ್ಲಿ ಗವರ್ನರ್ ಆಗಿ ಆರಿಸಿ ಬಂದ ಚಾಡ್‌ಚಾರ್ಟ್ ಸಿತ್ತಿಪುನ್ ಫುಟ್‌ಪಾತ್ ಸರಿಪಡಿಸುವುದನ್ನೇ ಚುನಾವಣೆಯ ಭರವಸೆಯಾಗಿ ಇಟ್ಟಿದ್ದರು. ಮೇಲ್ಸೇತುವೆ, ಸುರಂಗಗಳ ದೊಡ್ಡ ಮಾತಿನ ನಡುವೆ ಕಾಲಡಿಯ ಕಲ್ಲನ್ನು ನೆನೆದದ್ದು ನನಗೆ ದೊಡ್ಡದೆನಿಸುತ್ತದೆ. ಕೆಲವು ರಸ್ತೆಗಳಲ್ಲಿ ಹೊಸ ಫುಟ್‌ಪಾತ್ ಕಂಡೆ. ಅಲ್ಲಿ ಪುಟ್ಟ ಓಡಿದ.

ಓಡುವುದು ಎಂದೆ. ನಗರದಲ್ಲಿ ಮಗುವಿಗೆ ನಿಷಿದ್ಧವಾದ ಮೊದಲ ಕೆಲಸ ಅದೇ. ಮನೆ ಬಾಗಿಲಿನಿಂದ ಮತ್ತೆ ಮನೆ ಬಾಗಿಲಿನವರೆಗೆ ನಾನು ಅವನ ಕೈ ಬಿಡುವುದಿಲ್ಲ. ಸಂಜೆಗೆ ಅವನ ಮಣಿಕಟ್ಟಿನ ಮೇಲೆ ನನ್ನ ಬೆರಳುಗಳ ಗುರುತು ಇರುತ್ತದೆ. ಬೆಂಜಕಿಟ್ಟಿ ಎಂಬಲ್ಲಿ ಹಿಂದೆ ಸರ್ಕಾರದ ತಂಬಾಕು ಕಾರ್ಖಾನೆ ಇತ್ತು. ಆ ನೆಲವನ್ನು ಕಾಡಿನಂಥ ಉದ್ಯಾನ ಮಾಡಿ 2022ರಲ್ಲಿ ಪೂರ್ತಿಯಾಗಿ ಜನರಿಗೆ ತೆರೆದರು. ಕೊಳಗಳು, ನಡುವೆ ಮಣ್ಣಿನ ದಿಬ್ಬಗಳ ಮೇಲೆ ಗಿಡಗಳು, ನೀರಿನ ಮೇಲೆ ಹಾಯುವ ಕಾಲುಹಾದಿ, ಸುತ್ತ ಗಾಜಿನ ಗೋಪುರಗಳು. ಆ ಕೋಟಿ ಬೆಲೆಯ ನೆಲದಲ್ಲಿ ಇನ್ನೊಂದು ಮಾಲ್ ಎದ್ದಿದ್ದರೆ ಕೇಳುವವರಾರು! ಅಲ್ಲಿ ಬೈಕಿನ ಭಯವಿಲ್ಲ. ಅಲ್ಲಿ ಅವನ ಕೈ ಬಿಟ್ಟೆ. ಅವನು ಒಂದು ಕ್ಷಣ ನನ್ನನ್ನು ನೋಡಿದ, ನಿಜವೋ ಸುಳ್ಳೋ ಎಂಬಂತೆ. ಆಮೇಲೆ ಹಾರಿದ. ಒಂದು ಊರು ಮಕ್ಕಳಿಗೆ ಎಷ್ಟು ಒಳ್ಳೆಯದು ಎಂದು ಅಳೆಯಲು ನನಗೆ ಒಂದೇ ಅಳತೆ ಸಾಕು: ಅಜ್ಜಿಯೊಬ್ಬಳು ನಿಶ್ಚಿಂತೆಯಿಂದ ಮೊಮ್ಮಗನ ಕೈ ಬಿಡಬಹುದಾದ ಜಾಗ ಅಲ್ಲಿ ಎಷ್ಟಿದೆ?

ಹತ್ತಿರದ ಲುಂಪಿನಿ ಉದ್ಯಾನ ಹಳೆಯದು. ಆರನೆಯ ರಾಮ ಎನಿಸಿಕೊಂಡ ದೊರೆ ವಜಿರಾವುಧ 1920ರ ದಶಕದಲ್ಲಿ ಮಾಡಿಸಿ, ಬುದ್ಧ ಹುಟ್ಟಿದ ಲುಂಬಿನಿಯ ಹೆಸರಿಟ್ಟದ್ದು. ಆಳುದ್ದದ ನೀರುಡಗಳು ಕೆರೆಯಿಂದ ಹತ್ತಿ ಬಂದು ಹುಲ್ಲಿನ ಮೇಲೆ ಬಿಸಿಲು ಕಾಯಿಸುತ್ತವೆ, ಪಕ್ಕದಲ್ಲೇ ಜನ ಚಾಪೆ ಹಾಸಿ ಊಟ ಮಾಡುತ್ತಾರೆ. ಸಂಜೆ ಆರಕ್ಕೆ ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಮೊಳಗಿದಾಗ ಓಡುತ್ತಿದ್ದವರೆಲ್ಲ ಇದ್ದಲ್ಲೇ ನಿಂತರು. ಪುಟ್ಟನೂ ನಿಂತ. ಯಾರೂ ಹೇಳಿರಲಿಲ್ಲ. ಮಕ್ಕಳು ಕಲಿಯುವುದು ಹೀಗೆಯೇ, ಸುತ್ತಲಿನವರ ಮೈ ನೋಡಿ. ನಮ್ಮ ಬಾಯಿಂದ ಹೊರಡುವ ಬುದ್ಧಿವಾದವೆಲ್ಲ ಎಷ್ಟು ವ್ಯರ್ಥ ಎಂದು ಅಧ್ಯಾಪಕಿಯಾಗಿ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದ ನನಗೆ ಗೊತ್ತು.

ವಾಟ್ ಫೋ ದೇವಾಲಯಕ್ಕೆ ಚಾವೊ ಫ್ರಾಯ ನದಿಯ ದೋಣಿಯಲ್ಲಿ ಹೋದೆವು. ಕಿತ್ತಳೆ ಬಾವುಟದ ದೋಣಿ ಕಟ್ಟೆಗೆ ತಾಗಿ ನಿಲ್ಲುವುದು ಕೆಲವೇ ಗಳಿಗೆ. ಹಿಂಬದಿಯ ಹುಡುಗ ಸೀಟಿ ಊದುತ್ತ ಚಾಲಕನಿಗೆ ಮುಂದೆ, ಹಿಂದೆ ಎಂದು ತಿಳಿಸುತ್ತಾನೆ. ದೋಣಿಗೂ ಕಟ್ಟೆಗೂ ನಡುವಿನ ಸಂದು ನೋಡಿ ನಾನು ಹೆದರುವಷ್ಟರಲ್ಲಿ ಆ ಹುಡುಗ ಸೀಟಿಯನ್ನು ಬಾಯಲ್ಲೇ ಕಚ್ಚಿಕೊಂಡು ಪುಟ್ಟನನ್ನು ಒಂದು ಕೈಯಲ್ಲಿ, ನನ್ನ ಮೊಣಕೈಯನ್ನು ಇನ್ನೊಂದರಲ್ಲಿ ಹಿಡಿದು ದಡಕ್ಕೆ ದಾಟಿಸಿದ.

ವಾಟ್ ಫೋನ ಮಲಗಿದ ಬುದ್ಧ 46 ಮೀಟರ್ ಉದ್ದ, 15 ಮೀಟರ್ ಎತ್ತರ. ಮೂರನೆಯ ರಾಮನ ಕಾಲದಲ್ಲಿ, 1832ರಲ್ಲಿ ಆದದ್ದು. ಮಗುವಿನ ಕಣ್ಣಿಗೆ ಅಷ್ಟೆಲ್ಲ ಎಟಕುವುದಿಲ್ಲ. ಅವನಿಗೆ ಸಿಕ್ಕಿದ್ದು ಪಾದಗಳು, ಮುತ್ತಿನ ಚಿಪ್ಪಿನ ಕುಸುರಿಯಲ್ಲಿ 108 ಮಂಗಳ ಚಿಹ್ನೆಗಳನ್ನು ಕೂರಿಸಿದ ಆ ಅಂಗಾಲುಗಳು. "ಇವರಿಗೆ ಜ್ವರ ಬಂದಿದೆಯಾ ಅಜ್ಜಿ?" ಎಂದ. ಇದು ಬುದ್ಧನ ಕೊನೆಯ ಮಲಗುವಿಕೆ, ಪರಿನಿರ್ವಾಣದ ಭಂಗಿ. ಅದನ್ನು ನಾಲ್ಕು ವರ್ಷದವನಿಗೆ ಹೇಗೆ ಹೇಳುವುದು? "ತುಂಬ ದೂರ ನಡೆದಿದ್ದರು, ಎಲ್ಲರಿಗೂ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ್ದರು, ಅದಕ್ಕೆ ಮಲಗಿದರು" ಎಂದೆ. ಸುಳ್ಳಲ್ಲವಲ್ಲ.

ಹಿಂಬದಿಯ ಗೋಡೆಯುದ್ದಕ್ಕೂ 108 ಕಂಚಿನ ಪಾತ್ರೆಗಳು. ಒಂದಿಷ್ಟು ಹಣ ಕೊಟ್ಟರೆ ಬಟ್ಟಲು ತುಂಬ ಪುಡಿ ನಾಣ್ಯ ಕೊಡುತ್ತಾರೆ, ಒಂದೊಂದು ಪಾತ್ರೆಗೆ ಒಂದೊಂದು ಹಾಕುತ್ತ ಹೋಗಬೇಕು. ಪುಟ್ಟ ಒಂದು ನಾಣ್ಯ ಹಾಕುವುದು, ಕಿವಿಯನ್ನು ಪಾತ್ರೆಯ ಅಂಚಿಗೆ ತಂದು ಸದ್ದು ಸಾಯುವವರೆಗೆ ಕೇಳುವುದು, ಮೆಚ್ಚಿಗೆಯಾದರೆ ಅದಕ್ಕೇ ಇನ್ನೆರಡು ಹಾಕುವುದು. ಹಿಂದೆ ಸಾಲು ಬೆಳೆಯಿತು. ಬೆನ್ನ ಹಿಂದೆ ಬಿಳಿ ಅಂಗಿಯ ಹಿರಿಯರೊಬ್ಬರು, ಮುಖದ ಲಕ್ಷಣಕ್ಕೆ ಅಲ್ಲಿಯವರೇ, ಮುಂದೆ ದಾಟಿ ಹೋಗಿರೆಂದು ನಾನು ಸನ್ನೆ ಮಾಡಿದರೂ ಹೋಗಲಿಲ್ಲ. ಪುಟ್ಟ ಒಂದೊಂದು ಪಾತ್ರೆಯನ್ನು ಕೇಳಿ ಮುಗಿಸುವವರೆಗೆ ಕಾದರು. ಅರ್ಧ ದಾರಿಗೇ ಇವನ ಬಟ್ಟಲು ಬರಿದಾಯಿತು. ತುಟಿ ಊದತೊಡಗಿತು. ಆ ಹಿರಿಯರು ತಮ್ಮ ಬಟ್ಟಲಿನಿಂದ ಒಂದು ಹಿಡಿ ಬಗ್ಗಿಸಿ ಇವನದಕ್ಕೆ ಹಾಕಿದರು. ಅವರ ಎಣಿಕೆಯ ನಾಣ್ಯಗಳು ಅವು. ಕೊನೆಯ ಹತ್ತಿಪ್ಪತ್ತು ಪಾತ್ರೆಗಳಿಗೆ ಅವರ ಬಳಿ ಏನೂ ಉಳಿಯಲಿಲ್ಲ. ಬರಿಗೈಯನ್ನು ಒಂದೊಂದು ಪಾತ್ರೆಗೂ ಮುಟ್ಟಿಸುತ್ತ, ತುಟಿ ಅಲ್ಲಾಡಿಸುತ್ತ ನಡೆದರು.

ಇವರಿಗೆಲ್ಲ ನಾನು ಏನು ಕೊಡಲಿ? ಹೆಸರು ಗೊತ್ತಿಲ್ಲ, ಮಾತು ಬಾರದು, ಇನ್ನೊಮ್ಮೆ ಕಾಣುವುದಿಲ್ಲ. ಒಂಟಿಯಾಗಿ ತಿರುಗುವವರಿಗೆ ಯಾರ ಹಂಗೂ ಇಲ್ಲದೆ ಊರು ನೋಡಿ ಬರಲು ಸಾಧ್ಯ. ದುಡ್ಡು ಕೊಟ್ಟರೆ ಕೋಣೆ, ಕಾರು, ಊಟ. ಮಗುವಿನ ಕೈ ಹಿಡಿದವರಿಗೆ ಅದು ಸಾಧ್ಯವಿಲ್ಲ. ಇನ್ನೊಬ್ಬರು ಎದ್ದರೆ ಮಾತ್ರ ಅವನು ಕೂರುತ್ತಾನೆ, ಇನ್ನೊಬ್ಬರು ಕಾದರೆ ಮಾತ್ರ ಅವನ ನಾಣ್ಯ ಬೀಳುತ್ತದೆ. ದಿನ ಮುಗಿಯುವ ಹೊತ್ತಿಗೆ ಗುರುತಿಲ್ಲದ ಹತ್ತಾರು ಜನರ ಋಣ ಹೊತ್ತುಕೊಂಡು ಮನೆಗೆ ಬರುತ್ತೇವೆ. ಋಣವನ್ನು ಕೊಟ್ಟವರಿಗೇ ತೀರಿಸಬೇಕೆಂದಿಲ್ಲ, ಮುಂದಿನವರಿಗೆ ಸಲ್ಲಿಸಿದರೂ ಸಂದೀತು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಾಗಾದರೆ ಮುಂದಿನವರು ಯಾರು?

ಪಾಕ್ ಖ್ಲೋಂಗ್ ತಲಾತ್ ಎಂಬ ಹೂವಿನ ಪೇಟೆ ಹಗಲಿರುಳೂ ತೆರೆದಿರುತ್ತದೆ. ಬಿಸಿಲು ತಾಳದೆ ನಾವು ರಾತ್ರಿ ಹೋದೆವು, ಮಗಳೂ ಜೊತೆಗಿದ್ದಳು. ಚೆಂಡುಹೂವಿನ ಮೂಟೆಗಳು, ಐಸಿನ ಮೇಲೆ ಮಲ್ಲಿಗೆ ಮೊಗ್ಗು, ಕಮಲದ ಕಟ್ಟುಗಳು. ನಾವು ಬಾಳೆನಾರಿನಲ್ಲಿ ಎರಡೆರಡು ಹೂ ಇಟ್ಟು ಬೆರಳಲ್ಲೇ ಗಂಟು ಹಾಕಿ ಕಟ್ಟುತ್ತೇವೆ. ಅಲ್ಲಿ ಮೊಳಕೈ ಉದ್ದದ ಸೂಜಿ. ಮೊಗ್ಗುಗಳನ್ನು ಸುತ್ತಲೂ ಒಂದೇ ಎತ್ತರಕ್ಕೆ ಚುಚ್ಚುತ್ತ ಪದರ ಪದರವಾಗಿ ಸೂಜಿಯ ಮೇಲೆ ಏರಿಸಿ, ಕೊನೆಗೆ ಇಡಿಯಾಗಿ ದಾರಕ್ಕೆ ಜಾರಿಸುತ್ತಾರೆ. ಒಂದು ಅಂಗಡಿಯಲ್ಲಿ ಈ ಕೆಲಸ ಮಾಡುತ್ತಿದ್ದವಳು ಎಂಟೊಂಬತ್ತು ವರ್ಷದ ಹುಡುಗಿ. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಮೊಗ್ಗನ್ನು ನೋಡದೆಯೇ ಬೆರಳಿನಿಂದ ತಿರುಗಿಸಿ ತೊಟ್ಟು ಸರಿ ಮಾಡಿ ಚುಚ್ಚುತ್ತಿದ್ದಳು. ಹೆಬ್ಬೆರಳಿನ ತುದಿಗೆ ಬಟ್ಟೆಯ ಪಟ್ಟಿ ಸುತ್ತಿತ್ತು. ಗಂಟೆ ಹತ್ತು ದಾಟಿತ್ತು. ಪುಟ್ಟ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. ಅವಳು ತನ್ನ ಸ್ಟೂಲನ್ನು ಅವನತ್ತ ತಳ್ಳಿ, ತಾನು ಮೂಟೆಯ ಮೇಲೆ ಕೂತು ಕೆಲಸ ಮುಂದುವರಿಸಿದಳು. ಹೊರಡುವಾಗ ಅವನ ಮುಂಗೈಗೆ ಒಂದು ಸಣ್ಣ ಮಾಲೆ ತೊಡಿಸಿದಳು. ಅವಳ ತಾಯಿ ದುಡ್ಡು ಮುಟ್ಟಲಿಲ್ಲ.

ಅವಳಿಗೆ ಸ್ಟೂಲು ಬಿಟ್ಟುಕೊಡುವವರು ಯಾರು? ಆ ರಾತ್ರಿ ನನಗೆ ನಿದ್ದೆ ಸುಳಿಯಲಿಲ್ಲ.

ಥಾಯ್ಲೆಂಡಿನಲ್ಲಿ ಜನವರಿಯ ಎರಡನೆಯ ಶನಿವಾರ ಮಕ್ಕಳ ದಿನ. ಸರ್ಕಾರದ ಕಚೇರಿ ತೆರೆದು, ಮಕ್ಕಳನ್ನು ಪ್ರಧಾನಿಯ ಕುರ್ಚಿಯಲ್ಲೇ ಕೂರಿಸುತ್ತಾರೆ. ಒಂದು ಕಾಲಕ್ಕೆ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಹುಟ್ಟುತ್ತಿದ್ದ ದೇಶದಲ್ಲಿ 2024ರಲ್ಲಿ ಹುಟ್ಟಿದ್ದು ಐದು ಲಕ್ಷಕ್ಕಿಂತ ಕಡಿಮೆ. 2021ರಿಂದ ಹುಟ್ಟಿದವರಿಗಿಂತ ಸತ್ತವರೇ ಹೆಚ್ಚು. ಮಗು ಅಪರೂಪವಾದಷ್ಟೂ ಅದರ ಮೇಲಿನ ಮಮತೆ ಹೆಚ್ಚುವುದು ಸಹಜ. ಕಾಯಿದೆಯೂ ಕೆಟ್ಟದ್ದಲ್ಲ. ದಾಖಲೆ ಇರಲಿ ಬಿಡಲಿ, ಯಾವ ದೇಶದ ಮಗುವೇ ಆಗಿರಲಿ, ಓದಲು ಹಕ್ಕಿದೆ ಎಂದು 2005ರಲ್ಲೇ ಅಲ್ಲಿನ ಸಂಪುಟ ನಿರ್ಣಯಿಸಿದೆ. ಆದರೂ ಬ್ಯಾಂಕಾಕ್‌ನ ಗಗನಚುಂಬಿಗಳನ್ನು ಕಟ್ಟುವ ಮ್ಯಾನ್ಮಾರ್, ಕಾಂಬೋಡಿಯದ ಕೂಲಿಗಳ ಮಕ್ಕಳು ತಗಡಿನ ಶೆಡ್ಡುಗಳಲ್ಲಿ ಬೆಳೆಯುತ್ತಾರೆ. ಒಂದು ಕಟ್ಟಡ ಮುಗಿದರೆ ಮುಂದಿನದಕ್ಕೆ ಎದ್ದು ಹೋಗುವವರಿಗೆ ಶಾಲೆಯ ಬಾಗಿಲು ತೆರೆದಿದ್ದರೂ ದೂರ. ನಮ್ಮಲ್ಲೂ ಇದೇ ಕಥೆ. 6ರಿಂದ 14 ವರ್ಷದವರಿಗೆ ಶಿಕ್ಷಣ ಹಕ್ಕೆಂದು 2009ರಲ್ಲಿ ಕಾಯಿದೆ ಮಾಡಿದೆವು. ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಬಂದವರ ಮಕ್ಕಳು ಬೆಂಗಳೂರಿನಲ್ಲಿ ಮರಳಿನ ರಾಶಿಯ ಪಕ್ಕ ತಂಗಿ ತಮ್ಮಂದಿರನ್ನು ಸೊಂಟದಲ್ಲಿ ಹೊತ್ತು ನಿಂತಿರುತ್ತಾರೆ. ನಮ್ಮ ಮನೆ ಮಗುವಿನ ಕೆನ್ನೆ ಸವರುವ ಕೈಯೇ ಸಿಗ್ನಲ್ಲಿನಲ್ಲಿ ಪೆನ್ನು ಮಾರಲು ಬಂದ ಮಗು ಕಂಡರೆ ಕಾರಿನ ಗಾಜು ಏರಿಸುತ್ತದೆ. ಚೆಂದದ ಅಂಗಿ ತೊಟ್ಟು ಅಜ್ಜಿಯ ಕೈ ಹಿಡಿದು ಬಂದ ಪುಟ್ಟನಿಗೆ ಜಗತ್ತು ಎದ್ದು ಜಾಗ ಕೊಟ್ಟಿತು. ಅಷ್ಟೇ ಎತ್ತರದ ಇನ್ನೊಂದು ಮಗುವಿಗೆ ಕೊಡುವುದಿಲ್ಲ. ಇದನ್ನು ನೋಡಿಯೂ ಬರಿಯ ಕೃತಜ್ಞತೆಯಲ್ಲಿ ಕರಗಿ ಕೂರಲು ನನ್ನಿಂದಾಗದು.

ಮಗಳಿಗೆ ಹೇಳಿದೆ. "ಎಲ್ಲರಿಗೂ ನಾವು ಏನು ಮಾಡೋಕಾಗುತ್ತೆ ಅಮ್ಮಾ?" ಎಂದಳು. "ಎಲ್ಲರಿಗೂ ಬೇಡ ಕಣೇ, ನಿನ್ನ ಬಾಲ್ಕನಿಯಿಂದ ಕಾಣುವವರಿಗೆ" ಎಂದೆ. ಅವರ ಕಟ್ಟಡದ ಹಿಂದೆಯೇ ಹೊಸ ಕಟ್ಟಡ ಏಳುತ್ತಿದೆ, ಅದರ ಕೂಲಿಗಳ ಶೆಡ್ಡುಗಳಿವೆ. ಅಲ್ಲಿನ ಮಕ್ಕಳಿಗೆ ಅಕ್ಕಪಕ್ಕದ ಕೆಲವರು ಶನಿವಾರ ಮಧ್ಯಾಹ್ನ ಓದು, ಚಿತ್ರ ಹೇಳಿಕೊಡುತ್ತಾರೆಂದು ವಿಚಾರಿಸಿದಾಗ ತಿಳಿಯಿತು. ಮಗಳು ಸೇರಿಕೊಂಡಳು. ನಾನೂ ಪುಟ್ಟನೂ ಹಿಂದೆ ಹೋದೆವು.

ನಾನು ಕೊಡಲು ಹೋದದ್ದು. ಆದದ್ದೇ ಬೇರೆ. ತಗಡಿನ ಮಾಡಿನಡಿ ಒಂದೇ ಫ್ಯಾನು, ಅದರ ಎದುರಿನ ಚಾಪೆಯಲ್ಲಿ ಐದಾರು ಮಕ್ಕಳು. ಪುಟ್ಟ ಒಳಗೆ ಕಾಲಿಟ್ಟದ್ದೇ ಅವರು ತಮ್ಮತಮ್ಮಲ್ಲೇ ಏನೋ ಹೇಳಿಕೊಂಡು ಸರಿದು, ಫ್ಯಾನಿನ ಗಾಳಿ ನೇರ ಬೀಳುವ ಜಾಗವನ್ನು ಅವನಿಗೆ ತೆರವು ಮಾಡಿದರು. ಮ್ಯಾನ್ಮಾರಿನ ಒಬ್ಬ ಹುಡುಗ ಹುಣಸೆಹಣ್ಣಿನ ಸಿಪ್ಪೆ ಒಡೆದು, ನಾರು ಬಿಡಿಸಿ, ತೊಳೆ ತೊಳೆಯಾಗಿ ಅವನ ಅಂಗೈಯಲ್ಲಿಟ್ಟ. ಬೀಜಗಳನ್ನು ಉಗಿಯಲು ಬಿಡದೆ ಒಂದು ಡಬ್ಬಿಗೆ ತುಂಬಿಕೊಂಡ. ಆ ಬೀಜಗಳಲ್ಲಿ ಅವರು ನೆಲದ ಮೇಲೆ ಏನೋ ಆಟ ಆಡುತ್ತಿದ್ದರು, ನಿಯಮ ನನಗೆ ತಿಳಿಯಲಿಲ್ಲ, ಪುಟ್ಟನಿಗೆ ತಿಳಿಯಿತು.

ಮುಂದಿನ ಸಲ ಹೋಗುವಾಗ ಸಾಗರದ ಮನೆಯ ಅಟ್ಟದ ಮೇಲಿರುವ ಚನ್ನೆಮಣೆಯನ್ನು ಇಳಿಸಿ ಒಯ್ಯಬೇಕು. ನನ್ನ ಅತ್ತೆಯವರದು, ಹಲಸಿನ ಮರದ್ದು, ಕೊಂಚ ಭಾರವಿದೆ. ಆಡಲು ಇಬ್ಬರಿಗೂ ಒಂದೇ ಭಾಷೆ ಬರಬೇಕೆಂದಿಲ್ಲ. ಬೀಜ ಹೇಗೂ ಅವರ ಡಬ್ಬಿಯಲ್ಲೇ ಇದೆ.